ಹಳೇ ಮಾರುತಿ 800ಕ್ಕೆ ಯಾವ ಸ್ಪಾರ್ಕ್ ಪ್ಲಗ್? ಮೂರು ಬಗೆ ಹಾಕಿ ನೋಡಿದ ಹೋಲಿಕೆ

ನಮ್ಮ ಮನೆಯ ಮಾರುತಿ 800 1998ರದ್ದು. ಕಾರ್ಬ್ಯುರೇಟರ್ ಗಾಡಿ, 796 ಸಿಸಿ, ಮೂರು ಸಿಲಿಂಡರ್. ಹಾಗಾಗಿ ಪೆಟ್ರೋಲ್ ಹೊತ್ತಿಸುವ ಕಿಡಿ ಕೊಡುವ ಪ್ಲಗ್ ಕೂಡ ಮೂರೇ. ಅದು ತೀರ್ಥಹಳ್ಳಿಯ ಮಳೆಗಾಲದ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗಬೇಕು. ಉಡುಪಿಗೆ ಹೋಗಿ ವಾಪಸ್ ಬರುವಾಗ ಆಗುಂಬೆ ಘಾಟಿಯ 14 ತಿರುವುಗಳನ್ನು ಉಸಿರು ಕಟ್ಟದೆ ಹತ್ತಬೇಕು. ನನಗೆ ಬೇಕಾಗಿದ್ದು ಇಷ್ಟೇ. ಇದಕ್ಕಾಗಿ ಹಳೇ ಪ್ಲಗ್ಗನ್ನೇ ಕ್ಲೀನ್ ಮಾಡಿ ಹಾಕಿ ನೋಡಿದೆ, ಹೊಸ ಸಾದಾ ಪ್ಲಗ್ ಹಾಕಿ ನೋಡಿದೆ, ಆಮೇಲೆ ಇರಿಡಿಯಂ ಲೋಹದ ತುದಿಯ ಪ್ಲಗ್ ಹಾಕಿ ನೋಡಿದೆ.

ಮೊದಲ ಸುತ್ತು ಹಾಳಾಯಿತು. ಯಾವ ಪ್ಲಗ್ ಹಾಕಿದರೂ ಜೋರು ಮಳೆಯಲ್ಲಿ ಎಂಜಿನ್ ಮುಕ್ಕರಿಸುತ್ತಿತ್ತು. ಒಂದು ರಾತ್ರಿ ಲೈಟ್ ಆರಿಸಿ, ಎಂಜಿನ್ ಓಡುತ್ತಿರುವಾಗಲೇ ಬಾನೆಟ್ ಎತ್ತಿ ನೋಡಿದೆ. ನಡುವಿನ ಸಿಲಿಂಡರಿನ ವೈರಿನಿಂದ ಪಕ್ಕದ ಲೋಹಕ್ಕೆ ಸಣ್ಣ ನೀಲಿ ಕಿಡಿ ಹಾರುತ್ತಿತ್ತು. ಪ್ಲಗ್ ಎಷ್ಟು ಒಳ್ಳೆಯದಿದ್ದರೇನು, ಕಿಡಿ ಅಲ್ಲಿಗೆ ತಲುಪಲೇಬೇಕಲ್ವಾ? ಹೊಸ ವೈರ್ ಸೆಟ್ ಹಾಕಿ ಮತ್ತೆ ಮೊದಲಿನಿಂದ ಶುರು ಮಾಡಿದೆ. ನಿಮ್ಮ ಗಾಡಿಯೂ ಹಳೆಯದಾದರೆ ಪ್ಲಗ್ಗಿಗೆ ದುಡ್ಡು ಹಾಕುವ ಮೊದಲು ಕತ್ತಲೆಯಲ್ಲಿ ಒಮ್ಮೆ ಹೀಗೆ ನೋಡಿ. ಓಡುವ ಎಂಜಿನ್ನಿನ ವೈರ್ ಮಾತ್ರ ಮುಟ್ಟಬೇಡಿ, ಅದರಲ್ಲಿ ಸಾವಿರಾರು ವೋಲ್ಟ್ ಇರುತ್ತದೆ.

ಹಳೇ ಪ್ಲಗ್ ಕ್ಲೀನ್ ಮಾಡಲು ದುಡ್ಡು ಬೇಕಿಲ್ಲ. ಬಿಚ್ಚಿದಾಗ ಮೂರೂ ಕಪ್ಪು ಮಸಿ ಹಿಡಿದಿದ್ದವು. ಚೋಕ್ (ತಣ್ಣನೆಯ ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಕೊಡುವ ಹಿಡಿ) ಎಳೆದು ಸ್ಟಾರ್ಟ್ ಮಾಡಿ, ಪೇಟೆಗೆ ಎರಡು ಕಿಲೋಮೀಟರ್ ಹೋಗಿ ಆಫ್ ಮಾಡುವ ಗಾಡಿಯಲ್ಲಿ ಹೀಗಾಗುವುದು ಸಹಜ. ಪೆಟ್ರೋಲ್ ಜಾಸ್ತಿ, ಬಿಸಿ ಕಮ್ಮಿ. ಮಸಿ ತೆಗೆದು, ಉರುಟಾಗಿದ್ದ ತುದಿಯನ್ನು ಸಣ್ಣ ಅರದಿಂದ ಚಪ್ಪಟೆ ಮಾಡಿದೆ. ಕಿಡಿ ಚೂಪಾದ ಅಂಚಿನಿಂದ ಸುಲಭವಾಗಿ ಹಾರುತ್ತದೆ. ತಂತಿ ಬ್ರಷ್ಷನ್ನು ಬಿಳಿ ಪಿಂಗಾಣಿಯ ಮೇಲೆ ಉಜ್ಜಲಿಲ್ಲ, ಲೋಹದ ಗೆರೆ ಉಳಿದರೆ ಕರೆಂಟ್ ಅದರ ಮೇಲೇ ಹರಿದು ಹೋಗುತ್ತದೆ. ಗಾಡಿ ಸ್ಟಾರ್ಟ್ ಆಯಿತು. ಆದರೆ ಎರಡು ತಿಂಗಳಲ್ಲಿ ಮತ್ತೆ ಮೊದಲಿನ ಕಥೆಯೇ. ಫುಲ್ ಟ್ಯಾಂಕ್ ಲೆಕ್ಕದಲ್ಲಿ ಲೀಟರಿಗೆ 15.8 ಕಿಲೋಮೀಟರ್ ಬಂತು.

ಆಮೇಲೆ ಸಾದಾ ಪ್ಲಗ್. ಅಂಗಡಿಯವರು ಇದನ್ನು ಕಾಪರ್ ಪ್ಲಗ್ ಅನ್ನುತ್ತಾರೆ. ನಿಜಕ್ಕೂ ಒಳಗಿನ ತಿರುಳು ಮಾತ್ರ ತಾಮ್ರ, ಕಿಡಿ ಹಾರುವ ತುದಿ ನಿಕಲ್ ಮಿಶ್ರಲೋಹ. ನಾನು ತಂದದ್ದು ಎನ್‌ಜಿಕೆ ಬಿಪಿಆರ್5ಇಎಸ್. ಅಪ್ಪನ ಕಾಲದಲ್ಲಿ ಪ್ಲಗ್ ಅಂದರೆ ಮೈಕೋ. ಬೆಂಗಳೂರಿನ ಆಡುಗೋಡಿಯ ಆ ಕಂಪನಿಗೆ 2008ರಿಂದ ಬಾಷ್ ಎಂದೇ ಹೆಸರು. ಬೇರೆ ಬ್ರ್ಯಾಂಡಿನದು ತರುವವರು ಒಂದು ವಿಷಯ ಗಮನಿಸಬೇಕು. ಎನ್‌ಜಿಕೆಯಲ್ಲಿ ನಂಬರಿನ ನಡುವಿನ ಅಂಕಿ (ಇಲ್ಲಿ 5) ದೊಡ್ಡದಾದಷ್ಟು ಪ್ಲಗ್ ತಣ್ಣಗಿರುತ್ತದೆ, ಅಂದರೆ ಬಿಸಿಯನ್ನು ಬೇಗ ಹೊರಗೆ ಬಿಡುತ್ತದೆ; ಬಾಷ್‌ನಲ್ಲಿ ಅಂಕಿ ದೊಡ್ಡದಾದಷ್ಟು ಬಿಸಿ. ಅಂಕಿ ಒಂದೇ ಇದೆ ಎಂದು ಸುಮ್ನೆ ತಂದು ಹಾಕಿದರೆ ತಪ್ಪು ಪ್ಲಗ್ ಹಾಕಿದ ಹಾಗೆ.

ನನ್ನ ಗಾಡಿಗೆ ಗ್ಯಾಪ್, ಅಂದರೆ ಕಿಡಿ ಹಾರುವ ಸಂದು, 0.7ರಿಂದ 0.8 ಮಿಲಿಮೀಟರ್. ಹೊಸ ಡಬ್ಬಿಯಿಂದ ತೆಗೆದ ಮೂರರಲ್ಲಿ ಒಂದು ಜಾಸ್ತಿ ಇತ್ತು, ಹೊರಗಿನ ಕೊಕ್ಕೆಯನ್ನು ಮೆಲ್ಲಗೆ ತಟ್ಟಿ ಸರಿ ಮಾಡಿದೆ. ಮಾರನೇ ದಿನವೇ ವ್ಯತ್ಯಾಸ ಗೊತ್ತಾಯಿತು. ಐಡ್ಲಿಂಗ್‌ನಲ್ಲಿ ಸ್ಟೀರಿಂಗ್ ನಡುಗುವುದು ನಿಂತಿತು. ಘಾಟಿಯಲ್ಲಿ ಸೆಕೆಂಡ್ ಗೇರಿನಲ್ಲಿ ಎಳೆತ ಸಮವಾಗಿತ್ತು. ಮೈಲೇಜ್ 16.6.

ಇರಿಡಿಯಂ ಮೇಲೆ ನನಗೆ ತುಂಬಾ ಆಸೆಯಿತ್ತು. ಇರಿಡಿಯಂ ಕರಗಲು 2,400 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ಬೇಕು. ಅದಕ್ಕೇ ತುದಿಯನ್ನು 0.6 ಮಿಲಿಮೀಟರಿನಷ್ಟು ತೆಳ್ಳಗೆ ಮಾಡಿದರೂ ಬೇಗ ಸವೆಯುವುದಿಲ್ಲ. ಸಾದಾ ಪ್ಲಗ್ಗಿನ ತುದಿ 2.5 ಮಿಲಿಮೀಟರ್. ತೆಳು ತುದಿಯಿಂದ ಕಿಡಿ ಹಾರಲು ಕಡಿಮೆ ವೋಲ್ಟೇಜ್ ಸಾಕು. ಇದು ಸುಳ್ಳಲ್ಲ. ಆಷಾಢದ ಚಳಿ ಬೆಳಿಗ್ಗೆ ಚೋಕ್ ಅರ್ಧ ಎಳೆದರೇ ಸ್ಟಾರ್ಟ್ ಆಗುತ್ತಿತ್ತು. ಆದರೆ ಮೈಲೇಜ್ 16.7. ಆ 0.1 ಬಂಕಿನಲ್ಲಿ ಟ್ಯಾಂಕ್ ತುಂಬಿಸುವಾಗ ಆದ ವ್ಯತ್ಯಾಸವೂ ಇರಬಹುದು. ಘಾಟಿಯ ಎಳೆತದಲ್ಲಿ ನನಗೆ ಏನೂ ಬೇರೆ ಅನ್ನಿಸಲಿಲ್ಲ. ಬೆಲೆ ಮಾತ್ರ ನಾಲ್ಕು ಪಟ್ಟು ಜಾಸ್ತಿ ಕೊಟ್ಟೆ. ಕೊಳ್ಳುವಾಗ ನಂಬರಿನ ಕೊನೆಯಲ್ಲಿ 11 ಇದೆಯಾ ನೋಡಿ. ಇದ್ದರೆ ಅದರ ಗ್ಯಾಪ್ 1.1 ಮಿಲಿಮೀಟರ್, ಈ ಗಾಡಿಗೆ ಬೇಡ. ಗ್ಯಾಪ್ ಅಳೆಯುವ ನಾಣ್ಯದಂಥ ಗೇಜನ್ನು ಒಳಗೆ ತುರುಕಿ ಮೀಟಬೇಡಿ, ತುದಿ ಮುರಿಯುತ್ತದೆ.

ಕಾರ್ಬ್ಯುರೇಟರ್ ಗಾಡಿಯಲ್ಲಿ ಇರಿಡಿಯಂಗೂ ಮಸಿ ಹಿಡಿಯುತ್ತದೆ. ಸಾದಾ ಪ್ಲಗ್ಗಾದರೆ ಉಜ್ಜಿ ಮತ್ತೆ ಹಾಕಬಹುದು, ಇದನ್ನು ಬ್ರಷ್ಷಿನಿಂದ ಉಜ್ಜುವಂತಿಲ್ಲ. ನಾನು ಹೇಗೂ 5,000 ಕಿಲೋಮೀಟರಿಗೊಮ್ಮೆ ಪ್ಲಗ್ ಬಿಚ್ಚಿ ಬಣ್ಣ ನೋಡುತ್ತೇನೆ. ಕಾಫಿ ಬಣ್ಣವಿದ್ದರೆ ಸರಿ, ಕಪ್ಪಿದ್ದರೆ ಪೆಟ್ರೋಲ್ ಜಾಸ್ತಿ, ಸುಣ್ಣದ ಹಾಗೆ ಬೆಳ್ಳಗಿದ್ದರೆ ಗಾಳಿ ಜಾಸ್ತಿ. ಹೀಗೆ ಬಿಚ್ಚಿ ನೋಡುವವರಿಗೆ ದೀರ್ಘ ಬಾಳಿಕೆಯಿಂದ ಸಿಗುವ ಲಾಭ ಸಣ್ಣದು. ಪ್ಲಗ್ ತಲುಪಲು ಮೇಲಿರುವ, ಎಂಜಿನ್ನಿಗೆ ಗಾಳಿ ಹೋಗುವ ಮ್ಯಾನಿಫೋಲ್ಡನ್ನೇ ಬಿಚ್ಚಬೇಕಾದ ಗಾಡಿ ಇದ್ದರೆ ನಾನೂ ಇರಿಡಿಯಮ್ಮೇ ಹಾಕುತ್ತಿದ್ದೆ.

ಹಾಕುವ ಕೆಲಸ ಮೂರಕ್ಕೂ ಒಂದೇ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಒಂದು ವೈರ್ ತೆಗೆದು, ಆ ಪ್ಲಗ್ ಮುಗಿಸಿ, ಆಮೇಲೆ ಇನ್ನೊಂದಕ್ಕೆ ಹೋಗಿ. ಬಿಚ್ಚುವ ಮೊದಲು ಸೈಕಲ್ ಪಂಪಿನಿಂದ ಸುತ್ತಲಿನ ಧೂಳು ಊದಿ. ಪ್ಲಗ್ ಕೂರುವ ಎಂಜಿನ್ ಹೆಡ್ ಅಲ್ಯೂಮಿನಿಯಂ, ಥ್ರೆಡ್ ಸುಲಭವಾಗಿ ಕೆಡುತ್ತದೆ. ಹಿಂದೊಮ್ಮೆ ಒಂದು ಗ್ಯಾರೇಜಿನಲ್ಲಿ ಓರೆಯಾಗಿ ತಿರುಗಿಸಿ ಮೂರನೇ ಸಿಲಿಂಡರಿನ ಥ್ರೆಡ್ ಕೆಡಿಸಿದ್ದರು, ಅದನ್ನು ಸರಿ ಮಾಡಿಸಲು ಒಂದು ವಾರ ಗಾಡಿ ನಿಂತಿತು. ಅಂದಿನಿಂದ ಪ್ಲಗ್ಗಿನ ತಲೆಗೆ ರಬ್ಬರ್ ಪೈಪಿನ ತುಂಡು ಸಿಕ್ಕಿಸಿ ಬೆರಳಿನಲ್ಲೇ ತಿರುಗಿಸುತ್ತೇನೆ. ಓರೆಯಾದರೆ ಪೈಪ್ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ಕೈಗೆ ಬಿಗಿಯಾದ ಮೇಲೆ ಹೊಸ ಪ್ಲಗ್ಗಿಗೆ ಪಾನಾದಿಂದ ಅರ್ಧ ಸುತ್ತು, ಹೆಚ್ಚೆಂದರೆ ಇನ್ನು ಸ್ವಲ್ಪ. ಹಳೆಯದನ್ನೇ ಮತ್ತೆ ಹಾಕುವುದಾದರೆ ಅದರ ವಾಷರ್ ಆಗಲೇ ಚಪ್ಪಟೆಯಾಗಿರುತ್ತದೆ, ಗಡಿಯಾರದ ಗಂಟೆ ಮುಳ್ಳು ಒಂದು ಗಂಟೆಯಲ್ಲಿ ಸರಿದಷ್ಟು ತಿರುಗಿಸಿದರೆ ಸಾಕು.

ಈಗ ಗಾಡಿಯಲ್ಲಿರುವುದು ಸಾದಾ ನಿಕಲ್ ಸೆಟ್. ಗ್ಯಾಪ್ ನೋಡಿಟ್ಟ ಇನ್ನೊಂದು ಸೆಟ್ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿದೆ, ಪಾನಾ ಮತ್ತು ರಬ್ಬರ್ ಪೈಪಿನ ಜೊತೆಗೆ.