ಮೆಣಸಿನಕಾಯಿ ಘಾಟಿಗೆ, ಔಷಧ ಹೊಡೆಯಲಿಕ್ಕೆ ಯಾವ ಮಾಸ್ಕ್?

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬುವವರು, ಹಾವೇರಿ ಕಡೆ ಹತ್ತಿಗೆ ಔಷಧ ಹೊಡೆಯುವವರು ಕೇಳುವುದು ಇದನ್ನೇ: ಟವೆಲ್ ಸಾಕೋ, ಎನ್95 ಬೇಕೋ, ಡಬ್ಬಿ ಇರುವ ರಬ್ಬರ್ ಮಾಸ್ಕೋ?

ಟವೆಲ್‌ಗೆ ಖರ್ಚಿಲ್ಲ, ಆದರೆ ಸಣ್ಣ ಧೂಳು ಅದರ ಎಳೆಗಳ ನಡುವೆಯೇ ನುಸುಳುತ್ತದೆ. ಒದ್ದೆ ಮಾಡಿದರೂ ಅಷ್ಟೇ.

ಮೆಣಸಿನಕಾಯಿ ಧೂಳಿಗೆ ಎನ್95 ಒಳ್ಳೆಯದು. 0.3 ಮೈಕ್ರಾನ್‌ನ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಲ್ಲೂ ಕನಿಷ್ಠ 95% ತಡೆಯುತ್ತದೆ, ಮುಖಕ್ಕೆ ಬಿಗಿಯಾಗಿ ಕೂತಾಗ ಮಾತ್ರ. ಮೇಲಿನ ಪಟ್ಟಿ ನೆತ್ತಿಯ ಹಿಂಭಾಗಕ್ಕೆ, ಕೆಳಗಿನದು ಕಿವಿಯ ಕೆಳಗೆ ಕುತ್ತಿಗೆಗೆ. ಮೂಗಿನ ಮೇಲಿನ ತಗಡನ್ನು ಎರಡೂ ಕೈಬೆರಳಿಂದ ಒತ್ತಿ, ಮಾಸ್ಕ್ ಮೇಲೆ ಅಂಗೈ ಇಟ್ಟು ಜೋರಾಗಿ ಉಸಿರು ಬಿಡಿ. ಕಣ್ಣಿಗೆ ಗಾಳಿ ತಾಗಿದರೆ ತಗಡು ಮತ್ತೆ ಒತ್ತಬೇಕು. ಗಡ್ಡವಿದ್ದರೆ ಅಂಚು ಕೂಡುವುದೇ ಇಲ್ಲ. ತೊಳೆಯಬೇಡಿ, ಕಣ ಹಿಡಿಯುವ ಶಕ್ತಿ ಕುಂದುತ್ತದೆ. ಕಣ್ಣುರಿಗೆ ಕನ್ನಡಕ ಬೇರೆ ಬೇಕು.

ಔಷಧದ ಆವಿಯನ್ನು ಎನ್95 ತಡೆಯದು. ಅಲ್ಲಿ ರಬ್ಬರ್ ಮಾಸ್ಕೇ ಸರಿ: ಡಬ್ಬಿಯಲ್ಲಿ ಆವಿಗೆ ಇದ್ದಿಲು, ಹನಿಗೆ ಫಿಲ್ಟರ್, ಎರಡೂ ಇರಲಿ. ಔಷಧದ ಬಾಟಲಿಗೆ ಅಂಟಿಸಿದ ಚೀಟಿಯಲ್ಲಿ ಹೇಳಿದ ಬಗೆಯದನ್ನೇ ಕೊಳ್ಳಿ. ಮೊದಲು ದುಡ್ಡು ಹೆಚ್ಚು, ಭಾರವೂ ಹೌದು. ಆದರೆ ಮುಖದ ಭಾಗ ತೊಳೆದು ವರ್ಷಗಟ್ಟಲೆ ಬಳಸಬಹುದು. ಡಬ್ಬಿಯನ್ನು ತೆರೆದಿಟ್ಟರೆ ಇದ್ದಿಲು ಸುಮ್ಮನೆ ತೀರುತ್ತದೆ, ಗಾಳಿಯಾಡದ ಚೀಲದಲ್ಲಿಡಿ. ವಾಸನೆ ಬಂದರೆ ಆ ಕ್ಷಣವೇ ಹೊರಬಂದು ಡಬ್ಬಿ ಬದಲಿಸಿ.

ಹಳೆಯ ಹಗೇವಿಗೆ (ಕಾಳು ತುಂಬಿಡುವ ನೆಲದಡಿಯ ಗುಂಡಿ) ಇಳಿಯಲು ಈ ಮೂರನ್ನೂ ನಂಬಲೇಬೇಡಿ. ಅಲ್ಲಿ ಇಲ್ಲದ್ದು ಆಮ್ಲಜನಕ. ಇವು ಗಾಳಿ ಸೋಸುತ್ತವೆ, ಆಮ್ಲಜನಕ ಕೊಡುವುದಿಲ್ಲ.