ಮೂರನೇ ಕೆಪಾಸಿಟರ್ ಉಬ್ಬಿದ ಮೇಲೆ ಮಾಡಿಸಿದ ಹಾರ್ಮೋನಿಕ್ ಆಡಿಟ್

ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಸಿಎನ್‌ಸಿ ಜಾಬ್‌ವರ್ಕ್ ಶೆಡ್ ಇದೆ. 250 ಕೆವಿಎ ಟ್ರಾನ್ಸ್‌ಫಾರ್ಮರ್, 120 ಕೆವಿಎಆರ್ ಎಪಿಎಫ್‌ಸಿ ಪ್ಯಾನೆಲ್ (ಪವರ್ ಫ್ಯಾಕ್ಟರ್ ಸರಿಯಾಗಿಡಲು ಕೆಪಾಸಿಟರ್‌ಗಳನ್ನು ತಾನಾಗಿಯೇ ಆನ್-ಆಫ್ ಮಾಡುವ ಪ್ಯಾನೆಲ್). ಒಂದೇ ವರ್ಷದಲ್ಲಿ ಮೂರು ಕೆಪಾಸಿಟರ್ ಹೋದವು. ಮೂರನೆಯದನ್ನು ನಾನೇ ಬಿಚ್ಚಿಸಿ ಕೈಗೆ ತಗೊಂಡೆ. ಡಬ್ಬದ ಮೇಲ್ಭಾಗ ಉಬ್ಬಿತ್ತು, ಟರ್ಮಿನಲ್ ಸುತ್ತ ಎಣ್ಣೆ ಜಿನುಗಿತ್ತು. "ಸರ್, ಮಾಲೇ ಸರಿಯಿಲ್ಲ, ಬೇರೆ ಕಂಪನಿದು ಹಾಕೋಣ" ಅಂದರು ನಮ್ಮ ಎಲೆಕ್ಟ್ರಿಷಿಯನ್. ಅದನ್ನೂ ಹಾಕಿ ನೋಡಿ ಆಗಿತ್ತು. ಪಕ್ಕದ ಶೆಡ್‌ನವರ ಮಾತು ಕೇಳಿ ಈ ಆಡಿಟ್ ತಂಡವನ್ನು ಕರೆಸಿದೆ.

ಬಂದವರು ಮಾರುವ ಮಾತೇ ಎತ್ತಲಿಲ್ಲ. ಮೇನ್ ಪ್ಯಾನೆಲ್‌ಗೆ ಕರೆಂಟ್, ವೋಲ್ಟೇಜ್ ದಾಖಲಿಸುವ ಅನಲೈಸರ್ ಕಟ್ಟಿ, ಏಳು ದಿನ ಹಾಗೇ ಬಿಟ್ಟು ಹೋದರು. ಎಂಟನೇ ದಿನ ಕೂತು ವಿವರಿಸಿದರು.

ನಮ್ಮ ಸಪ್ಲೈ 50 ಹರ್ಟ್ಸ್. ಆದರೆ ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್‌ಗಳು ಕರೆಂಟನ್ನು ಒಂದೇ ಸಮನೆ ಎಳೆಯುವುದಿಲ್ಲ, ತುಂಡು ತುಂಡಾಗಿ ಎಳೆಯುತ್ತವೆ. ಹಾಗಾಗಿ 250, 350 ಹರ್ಟ್ಸ್ ಕರೆಂಟೂ ಲೈನಿನಲ್ಲಿ ಸೇರಿಕೊಳ್ಳುತ್ತದೆ. ಇವೇ ಹಾರ್ಮೋನಿಕ್‌ಗಳು: 50ರ ಐದು ಪಟ್ಟು ಐದನೆಯದು, ಏಳು ಪಟ್ಟು ಏಳನೆಯದು. ಫ್ರೀಕ್ವೆನ್ಸಿ ಹೆಚ್ಚಿದಷ್ಟೂ ಕೆಪಾಸಿಟರ್ ಅಡ್ಡಿ ಮಾಡುವುದು ಕಡಿಮೆ, ಹಾಗಾಗಿ ಈ ಕರೆಂಟ್ ಅದರೊಳಗೇ ನುಗ್ಗುತ್ತದೆ. ಅದರ ಮೇಲೆ ನಮ್ಮ ಟ್ರಾನ್ಸ್‌ಫಾರ್ಮರಿಗೂ 120 ಕೆವಿಎಆರ್‌ಗೂ ಸುಮಾರು 340 ಹರ್ಟ್ಸ್‌ನಲ್ಲಿ ರೆಸೊನೆನ್ಸ್ ಕೂಡುತ್ತಿತ್ತು, ಅಂದರೆ ಆ ಫ್ರೀಕ್ವೆನ್ಸಿಯ ಆಸುಪಾಸಿನ ಹಾರ್ಮೋನಿಕ್ ಹಲವು ಪಟ್ಟು ಹೆಚ್ಚುತ್ತಿತ್ತು. ಏಳನೇ ಹಾರ್ಮೋನಿಕ್ 350. ಅದರ ಪಕ್ಕದಲ್ಲೇ! ಗ್ರಾಫ್‌ನಲ್ಲಿ ಸ್ಪಷ್ಟವಾಗಿ ಕಂಡಿತು: ಕೆಪಾಸಿಟರ್‌ಗಳ ಎಲ್ಲ ಸ್ಟೆಪ್ ಆನ್ ಆದ ತಕ್ಷಣ ವೋಲ್ಟೇಜ್ ಟಿಎಚ್‌ಡಿ (ಹಾರ್ಮೋನಿಕ್‌ಗಳಿಂದ ವೋಲ್ಟೇಜ್ ಎಷ್ಟು ಕೆಟ್ಟಿದೆ ಅನ್ನುವ ಅಳತೆ) 9 ಪರ್ಸೆಂಟ್ ಮೇಲೆ ಹೋಗುತ್ತಿತ್ತು. ಫ್ಯಾಕ್ಟರಿಯೊಳಗೆ ಅದು 8 ಪರ್ಸೆಂಟ್ ದಾಟಬಾರದು. ನಮ್ಮ ಹಳೇ ಕ್ಲಾಂಪ್ ಮೀಟರ್ ಟ್ರೂ ಆರ್‌ಎಂಎಸ್ (ಅಂಕುಡೊಂಕಾದ ಕರೆಂಟನ್ನೂ ಸರಿಯಾಗಿ ಅಳೆಯುವಂಥದ್ದು) ಅಲ್ಲ, ಅದು ಕರೆಂಟನ್ನು ಕಡಿಮೆಯೇ ತೋರಿಸುತ್ತಿತ್ತು. ಇಷ್ಟು ದಿನ ಅದನ್ನೇ ನಂಬಿದ್ದೆವು.

ನನಗೆ ಇವರ ಮೇಲೆ ಗೌರವ ಬಂದಿದ್ದು ಆಮೇಲೆ. ಬೇರೊಬ್ಬರು ಅಳೆಯದೆಯೇ ಹಾರ್ಮೋನಿಕ್‌ಗೆ ಎದುರು ಕರೆಂಟ್ ಬಿಟ್ಟು ಅದನ್ನು ಅಳಿಸುವ ಆಕ್ಟಿವ್ ಫಿಲ್ಟರ್‌ಗೆ ಲಕ್ಷಗಟ್ಟಲೆಯ ಕೊಟೇಶನ್ ಕೊಟ್ಟಿದ್ದರು. ಇವರು ಅದು ಸದ್ಯಕ್ಕೆ ಬೇಡ, 7 ಪರ್ಸೆಂಟ್ ಡಿಟ್ಯೂನ್ಡ್ ರಿಯಾಕ್ಟರ್ (ರೆಸೊನೆನ್ಸ್ ತಪ್ಪಿಸಲು ಕೆಪಾಸಿಟರ್ ಜೊತೆ ಸೀರಿಸ್‌ನಲ್ಲಿ ಹಾಕುವ ಕಾಯಿಲ್) ಸಾಕು ಅಂದರು. ಆಗ ಟ್ಯೂನಿಂಗ್ 189 ಹರ್ಟ್ಸ್‌ಗೆ ಇಳಿಯುತ್ತದೆ, ಐದನೆಯದೂ ಏಳನೆಯದೂ ದೂರ ಉಳಿಯುತ್ತವೆ. ಉಳಿದ ಹಳೇ 440 ವೋಲ್ಟ್ ಕೆಪಾಸಿಟರ್‌ಗಳನ್ನೇ ಬಳಸೋಣ ಅಂದೆ. ಖಡಾಖಂಡಿತ ಬೇಡ ಅಂದರು. ಸೀರಿಸ್‌ನಲ್ಲಿ ರಿಯಾಕ್ಟರ್ ಬಂದರೆ ಕೆಪಾಸಿಟರ್ ಮೇಲೆ ವೋಲ್ಟೇಜ್ ಏರುತ್ತದಂತೆ. 525 ವೋಲ್ಟಿನವನ್ನೇ ಹಾಕಿಸಿದರು. ಈಗ ಹನ್ನೊಂದು ತಿಂಗಳಾಯ್ತು, ಒಂದೂ ಉಬ್ಬಿಲ್ಲ. ಟ್ರಾನ್ಸ್‌ಫಾರ್ಮರ್‌ನ ಗುಂಯ್ ಸದ್ದೂ ತಗ್ಗಿದೆ.

ಆಡಿಟ್‌ಗೆ 35 ಸಾವಿರ ಆಯ್ತು. ಸಣ್ಣ ಶೆಡ್‌ಗೆ ಜಾಸ್ತಿಯೇ. ಆದರೂ ಕೊಡಬಹುದು.

ಒಂದು ಬೇಸರ ಇದೆ. ರಿಪೋರ್ಟ್ ನಲವತ್ತು ಪುಟ, ಪೂರ್ತಿ ಇಂಗ್ಲಿಷ್. ಆಫೀಸ್ ಕಡೆಯ ನ್ಯೂಟ್ರಲ್ ಬಿಸಿಯಾಗುತ್ತಿದೆ ಅನ್ನೋ ಮಾತು 31ನೇ ಪುಟದಲ್ಲಿ ಅಡಗಿತ್ತು. ಕಂಪ್ಯೂಟರ್, ಎಲ್‌ಇಡಿ ಲೈಟುಗಳ ಮೂರನೇ ಹಾರ್ಮೋನಿಕ್ ಮೂರೂ ಫೇಸಿನಿಂದ ಬಂದು ನ್ಯೂಟ್ರಲ್‌ನಲ್ಲಿ ಒಟ್ಟುಗೂಡುತ್ತದೆ. ನಮ್ಮದೋ ಮೂರೂವರೆ ಕೋರ್ ಕೇಬಲ್, ನ್ಯೂಟ್ರಲ್ ಅರ್ಧ ಸೈಜಿನದು. ತೆಗೆದು ನೋಡಿದರೆ ಲಗ್ (ಕೇಬಲ್ ತುದಿಯ ಜೋಡಣೆ ತುಂಡು) ಹತ್ತಿರ ಇನ್ಸುಲೇಷನ್ ಕಂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪುಡಿಪುಡಿಯಾಗುತ್ತಿತ್ತು. ಇಂಥದ್ದನ್ನು ಮೊದಲ ಪುಟದಲ್ಲಿ, ಕನ್ನಡದಲ್ಲಿ ಬರೆಯಬೇಕಲ್ವಾ? ಪ್ಯಾನೆಲ್ ಮುಟ್ಟುವವರು ನಮ್ಮ ಎಲೆಕ್ಟ್ರಿಷಿಯನ್, ಓದಬೇಕಾದವರೂ ಅವರೇ. ಫೋನ್ ಮಾಡಿ ಹೇಳಿದೆ. ಮುಂದಿನ ಸಲದಿಂದ ಒಂದು ಪುಟ ಕನ್ನಡದಲ್ಲಿ ಕೊಡ್ತೀವಿ ಅಂದಿದ್ದಾರೆ.