ಕಾರವಾರದ ಮಳೆಗೆ ಯಾವ ಕಪಾಟು?

ನಾನು ಹಲಸಿನ ಮರದ ಪಕ್ಷ, ಮೊದಲೇ ಹೇಳಿಬಿಡುತ್ತೇನೆ. ಪಾರ್ಟಿಕಲ್ ಬೋರ್ಡಿನ ವಾರ್ಡ್‌ರೋಬಿಗೆ 13,500 ರೂಪಾಯಿ ಕಳೆದುಕೊಂಡ ಮೇಲೆ ಹುಟ್ಟಿದ ಪಕ್ಷ ಇದು.

ಕೋಡಿಬಾಗದ ನಮ್ಮ ಮನೆಗೂ ಕಾಳಿ ನದಿಗೂ ಹೆಚ್ಚು ದೂರವಿಲ್ಲ. ಜೂನ್ ಬಂತೆಂದರೆ ಉಪ್ಪಿನ ಡಬ್ಬಿಯಲ್ಲೇ ನೀರು. ಅಂಥ ಮನೆಗೆ ಮೂರು ಬಾಗಿಲಿನ, ಕನ್ನಡಿ ಇರುವ ವಾರ್ಡ್‌ರೋಬು ತಂದೆ. ಏಪ್ರಿಲ್‌ನಲ್ಲಿ ಬಲು ಚಂದ ಇತ್ತು.

ಜುಲೈನಲ್ಲಿ ಕನ್ನಡಿ ಬಾಗಿಲು ಜೋತುಬಿತ್ತು. ಒಳಗಡೆ ನೋಡಿದರೆ ಹಿಂಜಿನ ಸ್ಕ್ರೂ ತಿರುಗುತ್ತಿದೆ, ಹಿಡಿಯುತ್ತಿಲ್ಲ. ಮರದ ಪುಡಿ, ಚಕ್ಕೆಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ ಅದು. ಸ್ಕ್ರೂ ಕಚ್ಚಿಕೊಳ್ಳೋಕೆ ಒಳಗೆ ಮರದ ಎಳೆಯೇ ಇಲ್ಲ. ತೇವ ಹಿಡಿದು ಸಡಿಲಾಯಿತು, ಕನ್ನಡಿಯ ಭಾರ ಎಳೆಯಿತು, ತೂತು ದೊಡ್ಡದಾಯಿತು.

ತೂತಿಗೆ ಬೆಂಕಿಕಡ್ಡಿ ತುರುಕಿ ಫೆವಿಕಾಲ್ ಹಾಕಿದೆ. ಚೌತಿಯವರೆಗೆ ನಿಂತಿತು. ಆಮೇಲೆ ಉದ್ದದ ಸ್ಕ್ರೂ ಹಾಕಿದೆ, ಅದರ ತುದಿ ಹಲಗೆಯ ಆಚೆ ಬದಿಗೆ ಹೊರಟು ಮೇಲಿನ ಹಾಳೆಯನ್ನು ಒಡೆಯಿತು. ಹಿಂಜನ್ನು ಎರಡು ಇಂಚು ಮೇಲೆ ಕೂರಿಸೋಣ ಅಂತ ಆಚಾರಿಯನ್ನು ಕರೆದೆ. ಡ್ರಿಲ್ ಹಾಕಿದ ಕೂಡಲೇ ರವೆಯ ಹಾಗೆ ಉದುರಿತು. ಅಂಗೈಗೆ ಒಂದು ಚಿಟಿಕೆ ಹಾಕಿಕೊಂಡು, “ಅಕ್ಕೋರೆ, ಇದಕ್ಕೆ ಸ್ಕ್ರೂ ಬೇಡ, ಒಗ್ಗರಣೆ ಹಾಕಿ” ಅಂದರು. ಶಾಲೆಯ ಅಕ್ಕೋರು ಅಂತ ಮರ್ಯಾದೆ ಇಟ್ಟುಕೊಂಡೇ ನಕ್ಕರು!

ಅಷ್ಟರಲ್ಲಿ ನೆಲ ಒರೆಸುವ ನೀರು ಕುಡಿದು ಬುಡವೂ ಉಬ್ಬಿತ್ತು. ಉಬ್ಬಿದ್ದು ಒಣಗಿದರೂ ಮೊದಲಿನಂತಾಗಲಿಲ್ಲ.

ಮರದ ನಾರನ್ನು ಅಂಟು ಹಾಕಿ ಒತ್ತಿದ ಎಂ.ಡಿ.ಎಫ್. ಹಲಗೆಗೆ ಬಣ್ಣ ಚೆನ್ನಾಗಿ ಕೂರುತ್ತದೆ. ನೀರು ತಾಗುವ ಜಾಗಕ್ಕೆ ಬೇಡ, ಅಷ್ಟೆ.

ಹಲಸಿನ ಹಲಗೆ ಸಿರ್ಸಿ ಕಡೆಯಿಂದ ತರಿಸಿದ್ದು. ತೇಗ ನನ್ನ ಸಂಬಳಕ್ಕೆ ಎಟುಕಲಿಲ್ಲ. ಆಚಾರಿ ಬಿಳಿ ಭಾಗವನ್ನೆಲ್ಲ ಕೊಯ್ದು ತೆಗೆಸಿದರು, ಹುಳ ಮೊದಲು ಹಿಡಿಯುವುದು ಅದಕ್ಕೇ. ಉಳಿದ ಹಳದಿ ಚೇಗನ್ನು ನಡುನಡುವೆ ರೀಪು ಇಟ್ಟು ಜಗಲಿಯ ನೆರಳಲ್ಲಿ ಪೇರಿಸಿದರು. ಒಂದು ಇಡೀ ಬೇಸಿಗೆ ಅದನ್ನು ಬಳಸಿಕೊಂಡೇ ಓಡಾಡಿದೆವು, ಬಂದವರೆಲ್ಲ ಎಡವಿದರು. ಕಪಾಟು ಆಗುವಷ್ಟರಲ್ಲಿ ಕೂಲಿ, ಪಾಲಿಶ್ ಸೇರಿ 41,000 ದಾಟಿತು.

ಇದಕ್ಕೂ ಕಿರಿಕಿರಿ ಇಲ್ಲ ಅಂತಲ್ಲ. ಮಳೆಗಾಲದಲ್ಲಿ ಮರ ಅಡ್ಡಕ್ಕೆ ಹಿಗ್ಗುತ್ತದೆ. ಆಷಾಢದಲ್ಲಿ ಕೆಳಗಿನ ಡ್ರಾಯರ್ ಎಳೆಯಲು ಕಾಲು ಕೊಟ್ಟು ನಿಲ್ಲಬೇಕು. ಮೇಣದಬತ್ತಿ ಉಜ್ಜಿದರೆ ಸ್ವಲ್ಪ ವಾಸಿ, ದೀಪಾವಳಿ ಹೊತ್ತಿಗೆ ತಾನೇ ಸರಿಹೋಗುತ್ತದೆ. ಬಾಗಿಲಿನ ನಡುವಿನ ಹಲಗೆಗೆ ಆಚಾರಿ ಅಂಟು ಹಾಕಿಲ್ಲ. ಹಿಗ್ಗಿ ಕುಗ್ಗೋಕೆ ಜಾಗ ಇರಲಿ ಅಂತ ಚೌಕಟ್ಟಿನಲ್ಲಿ ಕೊರೆದ ಸಂದಿಯಲ್ಲಿ ಸುಮ್ನೆ ಕೂರಿಸಿದ್ದಾರೆ. ಬಣ್ಣ ಮಾತ್ರ ವರ್ಷವರ್ಷಕ್ಕೂ ಕಪ್ಪು ಬೆಲ್ಲದ ಕಡೆಗೆ ಹೋಗುತ್ತಿದೆ, ಅದು ನನಗೆ ಇಷ್ಟ.

ಒಳಗಿನ ಅಡ್ಡಹಲಗೆ, ಬೆನ್ನಿಗೆ ಪ್ಲೈವುಡ್ಡನ್ನೇ ಹಾಕಿಸಿದೆ. ಅಗಲದ ಜಾಗಕ್ಕೆ ಒಂದೇ ಮರದ ಹಲಗೆ ಹಾಕಿದರೆ ಸೊಟ್ಟಗಾಗುವ ಭಯ. ಪ್ಲೈಯಲ್ಲಿ ಪದರಗಳು ಒಂದಕ್ಕೊಂದು ಅಡ್ಡಡ್ಡ ಕೂರುವುದರಿಂದ ಆ ಕಾಟ ಕಡಿಮೆ. ಅಂಗಡಿಯವರು “ವಾಟರ್‌ಪ್ರೂಫ್” ಅಂದರೆ ಸಾಲದು, ಹಾಳೆಯ ಮೇಲೆ ಐ.ಎಸ್. 710 (ಮರೀನ್ ಪ್ಲೈವುಡ್ಡಿನ ಭಾರತೀಯ ಮಾನಕ) ಅಂತ ಮುದ್ರೆ ಇದೆಯಾ ನೋಡಿ. ಆ ದರ್ಜೆಯ ಪ್ಲೈಯ ತುಂಡನ್ನು 72 ಗಂಟೆ ನೀರಲ್ಲಿ ಕುದಿಸಿ ಪರೀಕ್ಷೆ ಮಾಡುತ್ತಾರೆ. ನಮ್ಮ ಮಳೆ ಅದರ ಮುಂದೆ ಏನೂ ಅಲ್ಲ.

ನನ್ನದು ಸ್ವಂತ ಮನೆ, ಕಪಾಟು ಗೋಡೆ ಬಿಟ್ಟು ಕದಲುವುದಿಲ್ಲ, ಕಾಯೋಕೂ ತಕರಾರಿಲ್ಲ. ಅದಕ್ಕೇ ಹಲಸು. ಮೂರು ವರ್ಷಕ್ಕೊಮ್ಮೆ ವರ್ಗ ಆಗುವ ನನ್ನ ಗೆಳತಿಗೆ ಪೂರ್ತಿ ಪ್ಲೈನದ್ದೇ ಮಾಡಿಸು ಅಂದೆ, ಬಿಚ್ಚಿ ಮತ್ತೆ ಜೋಡಿಸಬಹುದು. ಪಾರ್ಟಿಕಲ್ ಬೋರ್ಡನ್ನು ಒಮ್ಮೆ ಬಿಚ್ಚಿದರೆ ಹಳೇ ತೂತು ಎರಡನೇ ಸಲ ಸರಿಯಾಗಿ ಹಿಡಿಯುವುದಿಲ್ಲ.

ಆ ವಾರ್ಡ್‌ರೋಬಿನ ಒಂದು ಬಾಗಿಲು ಇನ್ನೂ ಮನೆಯಲ್ಲಿದೆ. ಬೇಸಿಗೆಯಲ್ಲಿ ಅದನ್ನು ತಾರಸಿಗೆ ಒಯ್ದು, ಮೇಲೆ ಪ್ಲಾಸ್ಟಿಕ್ ಹಾಸಿ ಹಲಸಿನ ಹಪ್ಪಳ ಒಣಗಿಸುತ್ತೇವೆ.